ಜಾನಿ ವಾಕರ್: ಹೆಸರು ಉಳಿಯಿತು, ಊರಿನ ಕೆಲಸ ಹೋಯ್ತು

ತಲೆಗೆ ಎತ್ತರದ ಟೋಪಿ, ಕೈಯಲ್ಲಿ ಕೋಲು, ದಾಪುಗಾಲು. ಜಾನಿ ವಾಕರ್ ಬಾಟಲಿಯ ಈ ಚಿತ್ರ ಕುಡಿಯದವರಿಗೂ ಗೊತ್ತು. ಆದ್ರೆ ಇದನ್ನು ಟಾಮ್ ಬ್ರೌನ್ ಎಂಬ ಕಲಾವಿದ ಬಿಡಿಸಿದ್ದು 1908ರಲ್ಲಿ. ಅಷ್ಟೊತ್ತಿಗೆ ನಿಜವಾದ ಜಾನ್ ವಾಕರ್ ಸತ್ತು 50 ವರ್ಷ ದಾಟಿತ್ತು.

ಆತ ರೈತನ ಮಗ. ಹುಟ್ಟಿದ್ದು 1805ರಲ್ಲಿ, ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಹತ್ತಿರ. 1819ರಲ್ಲಿ ಅಪ್ಪ ತೀರಿಕೊಂಡರು. ಬೇಸಾಯ ಬಿಟ್ಟು, ಅಪ್ಪನ ಆಸ್ತಿಯಿಂದ ಬಂದ 417 ಪೌಂಡನ್ನು ಮರುವರ್ಷ ಆ ಊರಿನ ಒಂದು ದಿನಸಿ ಅಂಗಡಿಗೆ ಹಾಕಲಾಯಿತು. ಅದನ್ನೇ ನಡೆಸುತ್ತಾ ಹುಡುಗ ವ್ಯಾಪಾರಿಯಾದ. ಮಾಲುಗಳಲ್ಲಿ ವಿಸ್ಕಿಯೂ ಇತ್ತು.

ಆಗ ಒಂದೊಂದು ಪೀಪಾಯಿಯ ವಿಸ್ಕಿಗೂ ಒಂದೊಂದು ರುಚಿ. ಇವತ್ತು ಹಿಡಿಸಿದ್ದು ನಾಳೆ ಸಿಗೋದು ಖಾತ್ರಿಯಿರಲಿಲ್ಲ. ಅದಕ್ಕೆ ಉತ್ತರವಾಗಿ ಬಂದದ್ದೇ ಬೆರೆಸುವ ಕಲೆ, ಅಂದ್ರೆ ಬ್ಲೆಂಡಿಂಗ್. 1852ರ ಪ್ರವಾಹ ವಾಕರ್ ಅಂಗಡಿಯ ಸರಕನ್ನೆಲ್ಲ ಹಾಳು ಮಾಡಿತು. ಆತ ಮತ್ತೆ ಕಟ್ಟಿದ, 1857ರಲ್ಲಿ ತೀರಿಕೊಂಡ.

ಮೂರು ವರ್ಷದ ನಂತರ, 1860ರಲ್ಲಿ, ಬ್ರಿಟಿಷ್ ಸರ್ಕಾರ ತೆರಿಗೆ ಕಟ್ಟುವ ಮೊದಲೇ ಗೋದಾಮಿನಲ್ಲಿ ಮಾಲ್ಟ್ ಮತ್ತು ಗ್ರೇನ್ ವಿಸ್ಕಿ ಬೆರೆಸಲು ಅವಕಾಶ ಕೊಟ್ಟಿತು. ಮಗ ಅಲೆಕ್ಸಾಂಡರ್ ಅದನ್ನು ಬಳಸಿಕೊಂಡು ಅಂಗಡಿಯನ್ನು ದೊಡ್ಡ ಕಂಪನಿ ಮಾಡಿದ. ರೆಡ್ ಲೇಬಲ್, ಬ್ಲ್ಯಾಕ್ ಲೇಬಲ್ ಹೆಸರುಗಳು ಬಂದದ್ದು ಇನ್ನೂ ತಡವಾಗಿ, 1909ರಲ್ಲಿ.

ಈ ಬೆರಕೆಯ ಗುಣವೇನು? ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡುವ ಮಾಲ್ಟ್ ವಿಸ್ಕಿ ಗಟ್ಟಿ ಸ್ವಭಾವದ್ದು. ಇನ್ನೊಂದು ಕಡೆ ಗ್ರೇನ್ ವಿಸ್ಕಿ: 1830ರಲ್ಲಿ ಏನಿಯಾಸ್ ಕಾಫಿ ಪೇಟೆಂಟ್ ಪಡೆದ, ನಿಲ್ಲದೆ ಭಟ್ಟಿ ಇಳಿಸುವ ಯಂತ್ರದಿಂದ ಬರುವಂಥದ್ದು. ಅದು ಹಗುರ, ತುಸು ಸಿಹಿ, ಅಗ್ಗ. ಬ್ಲ್ಯಾಕ್ ಲೇಬಲಿನಲ್ಲಿ ಇರುವುದೆಲ್ಲ ಕನಿಷ್ಠ 12 ವರ್ಷ ಪೀಪಾಯಿಯಲ್ಲಿ ಕೂತದ್ದು. ಐಲಾ ದ್ವೀಪದ ಮಾಲ್ಟ್ ಅದಕ್ಕೆ ಹೊಗೆಯ ಘಮ ಕೊಡುತ್ತೆ, ಸ್ಪೇಸೈಡ್ ಕಡೆಯ ಮಾಲ್ಟ್ ಹಣ್ಣಿನ ಸಿಹಿ ಕೊಡುತ್ತೆ, ಗ್ರೇನ್ ಇವನ್ನೆಲ್ಲ ಮೆದುಗೊಳಿಸಿ ಕೂಡಿಸುತ್ತೆ. ಒಂದು ಪೀಪಾಯಿ ಮುಗಿದರೆ ಅಂಥದ್ದೇ ಇನ್ನೊಂದನ್ನು ಹುಡುಕಿ ಸೇರಿಸ್ತಾರೆ. ಕುಡಿಯುವವರಿಗೆ ವ್ಯತ್ಯಾಸ ಗೊತ್ತಾಗಬಾರದು. ಬ್ಲೆಂಡರ್‌ನ ಜಾಣ್ಮೆ ಇರೋದೇ ಅಲ್ಲಿ.

ಕಂಪನಿ ಇದೇ ಲೆಕ್ಕವನ್ನು ಕಾರ್ಮಿಕರಿಗೂ ಹಾಕಿತು. 2009ರಲ್ಲಿ ಬ್ರ್ಯಾಂಡಿನ ಒಡೆಯ ಡಿಯಾಜಿಯೊ, ಕಿಲ್ಮಾರ್ನಾಕ್ ಘಟಕವನ್ನು ಮುಚ್ಚುವುದಾಗಿ ಘೋಷಿಸಿತು. ಸುಮಾರು 700 ಜನರ ಕೆಲಸಕ್ಕೆ ಕುತ್ತು. ಸುಮಾರು 20,000 ಜನ ಬೀದಿಗಿಳಿದರು. ಆದರೂ 2012ರಲ್ಲಿ ಬಾಗಿಲು ಬಿತ್ತು. ಬಾಟಲಿ ತುಂಬುವ ಕೆಲಸ ಬೇರೆ ಊರಿಗೆ ಹೋಯ್ತು, ರುಚಿ ಬದಲಾಗಲಿಲ್ಲ.

ಒಬ್ಬ ದಿನಸಿ ಅಂಗಡಿಯವನ ಹೆಸರನ್ನು ಕಂಪನಿ ಇವತ್ತಿಗೂ ಜಗತ್ತಿನಾದ್ಯಂತ ಮಾರುತ್ತಿದೆ. ಅವನ ಅಂಗಡಿ ಬೆಳೆದ ಊರಿನ ಘಟಕ ಮಾತ್ರ ಮುಚ್ಚಿಹೋಯ್ತು.