ನುಸಿಯನ್ನೇ ಅಳತೆಗೋಲು ಮಾಡಿಕೊಂಡವನು

ಹಾಸ್ಟೆಲ್‌ನಲ್ಲಿ ಕೋಣೆ ಬದಲಾದ ಮೇಲೆ ನನಗೆ ಬೆಳಗಾಗುತ್ತಿದ್ದುದೇ ಸೀನಿನಿಂದ. ಎದ್ದ ಕೂಡಲೇ ಹತ್ತು ಹದಿನೈದು ಸೀನು, ಕಣ್ಣಲ್ಲಿ ನೀರು, ಕೆಲವು ರಾತ್ರಿ ಎದೆಯೊಳಗೆ ಸಣ್ಣ ಸಿಳ್ಳೆ. ಡಾಕ್ಟರು ಎಲ್ಲ ಕೇಳಿಕೊಂಡು, ಇದು ಹಾಸಿಗೆಯಲ್ಲಿರುವ ಧೂಳುನುಸಿಯ ಅಲರ್ಜಿ ಎಂದರು. ನುಸಿ ಎಂದರೆ ನನಗೆ ಗೊತ್ತಿದ್ದದ್ದು ನಮ್ಮ ತೋಟದ ತೆಂಗಿನಕಾಯಿಯನ್ನು ಮುರುಟಿಸುವ ನುಸಿ ಒಂದೇ. ಅಂಥದ್ದೇ ಜಾತಿಯದು ನನ್ನ ಹಾಸಿಗೆಯಲ್ಲಿ, ನನ್ನದೇ ಚರ್ಮದ ಪುಡಿ ತಿಂದುಕೊಂಡು ಬದುಕಿದೆ ಎಂದು ಕೇಳಿ ಮೈ ಜುಮ್ಮೆಂದಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನಾನು ಕೊಳಕನೇ? ರೂಮ್‌ಮೇಟ್ ಕೇಳಿದಾಗ ಬರೀ ಶೀತ ಎಂದು ಸುಳ್ಳು ಹೇಳಿದೆ.

ಆ ನುಸಿಯ ಬಗ್ಗೆ ಓದುತ್ತಾ ಹೋದಾಗ ಸಿಕ್ಕವನು ಆಂಟನಿ ವಾನ್ ಲೀವೆನ್‌ಹಾಕ್. ಹೈಸ್ಕೂಲಿನಲ್ಲಿ ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದ ಹೆಸರು. ಆ ಎರಡು ಅಂಕದ ಹಿಂದೆ ಎಂಥ ಬದುಕಿತ್ತು ಎಂಬುದು ಆಗ ತಿಳಿದಿರಲಿಲ್ಲ.

ಆತ ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ. ತಂದೆ ಬುಟ್ಟಿ ಹೆಣೆಯುವವರು. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹದಿನಾರರ ವಯಸ್ಸಿಗೆ ಹುಡುಗನನ್ನು ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಕಳಿಸಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. ಗೊತ್ತಿದ್ದದ್ದು ಡಚ್ ಒಂದೇ. 1654ರಲ್ಲಿ ಊರಿಗೆ ಮರಳಿ, ಮದುವೆಯಾಗಿ, ಬಟ್ಟೆ ಅಂಗಡಿ ಇಟ್ಟ. ಹುಟ್ಟಿದ ಐದು ಮಕ್ಕಳಲ್ಲಿ ಉಳಿದವಳು ಮರಿಯಾ ಒಬ್ಬಳೇ. 1666ರಲ್ಲಿ ಹೆಂಡತಿಯೂ ತೀರಿಕೊಂಡಳು. ಮುಂದೆ ಇನ್ನೊಂದು ಮದುವೆಯಾದರೂ, ಕೊನೆಯವರೆಗೆ ಜೊತೆಗಿದ್ದವಳು ಮರಿಯಾ.

ನೇಯ್ಗೆಯ ಎಳೆ ನೋಡಲು ಬಟ್ಟೆ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಲೀವೆನ್‌ಹಾಕ್ ಅಲ್ಲಿಗೇ ನಿಲ್ಲಲಿಲ್ಲ. ತಾನೇ ಪುಟ್ಟ ಪುಟ್ಟ ಲೆನ್ಸ್ ಮಾಡತೊಡಗಿದ. ಎರಡು ಲೋಹದ ತಗಡು, ನಡುವೆ ಒಂದೇ ಒಂದು ಲೆನ್ಸ್, ನೋಡಬೇಕಾದ ವಸ್ತುವನ್ನು ಚುಚ್ಚಿಡಲು ಒಂದು ಸೂಜಿ, ಅದನ್ನು ಹಿಂದೆ ಮುಂದೆ ಸರಿಸಲು ತಿರುಪು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಈ ಉಪಕರಣವನ್ನು ಕಣ್ಣಿಗೆ ಒತ್ತಿ ಹಿಡಿದು ನೋಡಬೇಕಿತ್ತು. ಇಂದು ಉಟ್ರೆಕ್ಟ್‌ನಲ್ಲಿರುವ ಅವನದೊಂದು ಸೂಕ್ಷ್ಮದರ್ಶಕ ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅವನ ಕಾಲದ ಎರಡು ಲೆನ್ಸಿನ ದೊಡ್ಡ ಸೂಕ್ಷ್ಮದರ್ಶಕಗಳಿಗೆ ಅಷ್ಟು ಸ್ಪಷ್ಟವಾಗಿ ತೋರಿಸುವುದು ಆಗುತ್ತಿರಲಿಲ್ಲ.

ಈಗ ನುಸಿಯ ವಿಷಯ. ಗಿಣ್ಣಿನ ಗಟ್ಟಿಯ ಮೇಲೆ, ಹಿಟ್ಟಿನಲ್ಲಿ, ಬೂಷ್ಟಿನಲ್ಲಿ ಹರಿದಾಡುವ ನುಸಿಯನ್ನು ಯುರೋಪಿನ ಜನ ಬಹಳ ಹಿಂದಿನಿಂದ ಬಲ್ಲರು. ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಅದೇ ಲೋಕದ ಅತಿ ಚಿಕ್ಕ ಪ್ರಾಣಿ ಎಂಬುದು ವಾಡಿಕೆಯ ನಂಬಿಕೆ. ಜೀವ ಎನ್ನುವುದು ಅಲ್ಲಿಗೆ ಮುಗಿಯಿತು. 1674ರಲ್ಲಿ ಲೀವೆನ್‌ಹಾಕ್ ಊರಿನ ಹತ್ತಿರದ ಕೆರೆಯಿಂದ ಹಸಿರು ಬಣ್ಣದ ನೀರನ್ನು ತಂದು ನೋಡಿದ. ಅದರಲ್ಲಿ ಏನೇನೋ ಓಡಾಡುತ್ತಿದ್ದವು. ಎಷ್ಟು ಚಿಕ್ಕವು ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸುವುದು ಹೇಗೆ? ಮೈಕ್ರೋಮೀಟರ್ ಎಂಬ ಮಾನ ಆಗಿರಲಿಲ್ಲ. ಆತ ನುಸಿಯನ್ನೇ ಅಳತೆಗೋಲು ಮಾಡಿಕೊಂಡ. ಇವುಗಳಲ್ಲಿ ಕೆಲವು ತಾನು ಕಂಡ ಅತಿ ಸಣ್ಣ ನುಸಿಗಿಂತಲೂ ಸಾವಿರ ಪಾಲು ಚಿಕ್ಕವು ಎಂದು ಬರೆದ. ಎಲ್ಲರೂ ಕೊನೆಯ ಮೆಟ್ಟಿಲು ಅಂದುಕೊಂಡಿದ್ದ ನುಸಿ ಅಂದಿನಿಂದ ಮೊದಲ ಮೆಟ್ಟಿಲಾಯಿತು. ಪ್ರತಿ ಲ್ಯಾಬ್‌ನಲ್ಲೂ ಯೂನಿಟ್ ಬರೆಯದಿದ್ದರೆ ಅಂಕ ಕಳೆದುಕೊಳ್ಳುವ ನನಗೆ ಇಲ್ಲಿ ಆತ ಬಹಳ ಹತ್ತಿರದವನಾಗಿ ಕಂಡ.

1676ರಲ್ಲಿ ಕಾಳುಮೆಣಸು ನೆನೆಹಾಕಿದ ನೀರಿನಲ್ಲಿ ಇನ್ನೂ ಚಿಕ್ಕ ಜೀವಿಗಳನ್ನು ಕಂಡು ಬರೆದಾಗ ಲಂಡನ್ನಿನವರು ಸಂಶಯಪಟ್ಟರು. ಆತ ಪಾದ್ರಿಗಳೂ ಸೇರಿದಂತೆ ಕೆಲವರಿಗೆ ತೋರಿಸಿ, ಅವರಿಂದ ಸಾಕ್ಷಿಪತ್ರ ಬರೆಸಿ ಕಳಿಸಿದ. 1677ರಲ್ಲಿ ರಾಬರ್ಟ್ ಹುಕ್ ತಾವೇ ಪ್ರಯೋಗ ಮಾಡಿ ನೋಡಿ, ಡೆಲ್ಫ್ಟಿನ ವ್ಯಾಪಾರಿ ಹೇಳಿದ್ದು ನಿಜವೆಂದು ತೋರಿಸಿಕೊಟ್ಟರು. 1680ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. 1698ರಲ್ಲಿ ರಷ್ಯಾದ ದೊರೆ ಪೀಟರ್ ಕೂಡ ಅವನನ್ನು ಕಂಡ.

ನನಗೆ ಅವನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆಯದೇ. ಅವನಿಗೆ ಅಸಹ್ಯ ಎಂಬುದು ನೋಡದಿರಲು ಕಾರಣವಾಗಲಿಲ್ಲ. ತನ್ನ ಚರ್ಮದಿಂದ ಉದುರುವ ಹೊಟ್ಟನ್ನು ನೋಡಿದ. 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಕೊಳೆಯನ್ನು ನೋಡಿ, ದೇಶದ ಜನಕ್ಕಿಂತ ಹೆಚ್ಚು ಜೀವಿಗಳು ತನ್ನೊಬ್ಬನ ಬಾಯಲ್ಲಿವೆ ಎಂದು ಸಂಕೋಚವಿಲ್ಲದೆ ಬರೆದ. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಮನುಷ್ಯ ಆತ! ಹೇನು ಎಷ್ಟು ಬೇಗ ಮರಿ ಹಾಕುತ್ತದೆ ಎಂದು ತಿಳಿಯಲು ಅವನ್ನು ತನ್ನದೇ ಕಾಲುಚೀಲದೊಳಗೆ ಬಿಟ್ಟುಕೊಂಡು ಹಲವು ದಿನ ಓಡಾಡಿದ. ಕೊನೆಗೆ ಮರಿಗಳ ರಾಶಿ ಕಂಡು ಅವನಿಗೂ ತಡೆಯಲಾಗದೆ ಕಾಲುಚೀಲವನ್ನು ಬೀದಿಗೆ ಎಸೆದನಂತೆ. ಆದರೆ ಎಸೆಯುವ ಮೊದಲು ಎಣಿಸಿದ್ದ.

ಆ ಕಾಲದಲ್ಲಿ ಚಿಗಟ, ಹುಳ, ನುಸಿ ಎಲ್ಲವೂ ಕೊಳೆ ಮತ್ತು ಧೂಳಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಓದಿದವರೂ ನಂಬಿದ್ದರು. ಲೀವೆನ್‌ಹಾಕ್ ಒಪ್ಪಲಿಲ್ಲ. ಚಿಗಟದ ಮೊಟ್ಟೆಯಿಂದ ಮರಿ, ಮರಿಯಿಂದ ಚಿಗಟ ಆಗುವುದನ್ನು ಹಂತ ಹಂತವಾಗಿ ನೋಡಿದ. ಎಷ್ಟೇ ಚಿಕ್ಕದಾದರೂ ಪ್ರತಿ ಜೀವಿಗೂ ಅಪ್ಪ ಅಮ್ಮ ಇರಲೇಬೇಕು ಎಂಬುದು ಅವನ ವಾದ. ಇದನ್ನು ಓದಿದಾಗ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ನಾನೂ ಒಳಗೊಳಗೆ ನಂಬಿದ್ದು ಮುನ್ನೂರು ವರ್ಷ ಹಳೆಯ ಆ ತಪ್ಪನ್ನೇ: ಕೊಳಕಿದ್ದಲ್ಲಿ ನುಸಿ ಹುಟ್ಟುತ್ತದೆ, ಆದ್ದರಿಂದ ನುಸಿ ಇದ್ದವನು ಕೊಳಕ.

ಅವನಲ್ಲಿ ಒಂದು ದೋಷವೂ ಇತ್ತು. ಅತ್ಯುತ್ತಮ ಲೆನ್ಸ್‌ಗಳನ್ನು ಯಾರಿಗೂ ಕೊಡಲಿಲ್ಲ, ಮಾಡುವ ಬಗೆಯನ್ನು ಹೇಳಿಕೊಡಲಿಲ್ಲ. ಗುಟ್ಟು ಅವನೊಂದಿಗೇ ಹೋಯಿತು. 2021ರಲ್ಲಿ ಹಾಲೆಂಡಿನ ಸಂಶೋಧಕರು ಉಟ್ರೆಕ್ಟ್‌ನ ಆ ಸೂಕ್ಷ್ಮದರ್ಶಕವನ್ನು ಬಿಚ್ಚದೆ, ನ್ಯೂಟ್ರಾನ್ ಕಿರಣಗಳಿಂದ ಒಳಗನ್ನು ನೋಡಿದರು. ಲೆನ್ಸ್ ಗಾಜನ್ನು ಕರಗಿಸಿ ಮಾಡಿದ ಪುಟ್ಟ ಗುಂಡು. ಹುಕ್ ಪ್ರಕಟಿಸಿದ್ದ ವಿಧಾನವೇ! ಗುಟ್ಟು ಅಂದುಕೊಂಡದ್ದು ಪುಸ್ತಕದಲ್ಲೇ ಇತ್ತು. ಹೆಚ್ಚಿಗೆ ಇದ್ದದ್ದು ಅವನ ಕೈಚಳಕ ಮತ್ತು ತಾಳ್ಮೆ.

ನಮ್ಮ ಮೈಮೇಲಿನ ನುಸಿಗಳ ಕಥೆಯನ್ನು ಮುಂದುವರಿಸಿದವರು ಬೇರೆಯವರು. ಕಜ್ಜಿಗೆ ನುಸಿಯೇ ಕಾರಣ ಎಂದು 1687ರಲ್ಲಿ ಇಟಲಿಯ ಬೊನೊಮೊ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ. ಮುಖದ ರೋಮದ ಬುಡದಲ್ಲಿ ವಾಸಿಸುವ, ಬಹುತೇಕ ವಯಸ್ಕರಲ್ಲಿರುವ ನುಸಿ ಜರ್ಮನ್ ವೈದ್ಯರಿಗೆ ಕಂಡಿದ್ದು 1841–42ರಲ್ಲಿ. ಹಾಸಿಗೆಯ ಧೂಳುನುಸಿಯೇ ಅಲರ್ಜಿಗೆ ಕಾರಣ ಎಂದು 1960ರ ದಶಕದಲ್ಲಿ ತೋರಿಸಿದವರು ಲೈಡನ್ನಿನ ವೋರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ. ಲೈಡನ್ ಇರುವುದು ಡೆಲ್ಫ್ಟ್‌ನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ!

ಲೀವೆನ್‌ಹಾಕ್ ತೀರಿಕೊಂಡಿದ್ದು 1723ರ ಆಗಸ್ಟ್ 26ರಂದು, ತೊಂಬತ್ತರ ವಯಸ್ಸಿನಲ್ಲಿ. ಕೊನೆಯ ದಿನಗಳಲ್ಲಿ ಹೊಟ್ಟೆಯ ಮೇಲ್ಭಾಗ ಅದುರುವ ಕಾಯಿಲೆ ಬಂದಿತ್ತು. ಅದನ್ನೂ ಗಮನಿಸಿ ಲಂಡನ್ನಿಗೆ ವರದಿ ಮಾಡಿದ. ಸತ್ತ ಮೇಲೆ ಮರಿಯಾ ಅವನ ಇಚ್ಛೆಯಂತೆ 26 ಬೆಳ್ಳಿಯ ಸೂಕ್ಷ್ಮದರ್ಶಕಗಳನ್ನು ಪೆಟ್ಟಿಗೆಯಲ್ಲಿಟ್ಟು ರಾಯಲ್ ಸೊಸೈಟಿಗೆ ಕಳಿಸಿದಳು. ಅವೆಲ್ಲ ಮುಂದೆ ಕಳೆದುಹೋದವು.

ಧೂಳುನುಸಿಯ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಎಂಟು ಕಾಲಿನ, ಜೇಡನ ದೂರದ ನೆಂಟ. ಕಚ್ಚುವುದಿಲ್ಲ. ಸೀನು ತರಿಸುವುದು ಮುಖ್ಯವಾಗಿ ಅದರ ಹಿಕ್ಕೆ. ಅದಕ್ಕೆ ತೇವ ಬೇಕು, ಬಿಸಿ ಆಗುವುದಿಲ್ಲ. ಇಷ್ಟು ತಿಳಿದ ಮೇಲೆ ಒಂದು ಭಾನುವಾರ ರೂಮ್‌ಮೇಟ್‌ಗೆ ನಿಜ ಹೇಳಿದೆ. ಅವನು ನಗಲಿಲ್ಲ. ತನಗೂ ಒಂದು ವರ್ಷದಿಂದ ಹಾಗೇ ಆಗುತ್ತಿದೆ, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ ಎಂದ. ಇಬ್ಬರೂ ಹಾಸಿಗೆ ಹೊತ್ತು ಟೆರೇಸಿನ ಬಿಸಿಲಿಗೆ ಹಾಕಿದೆವು, ಹೊದಿಕೆಗಳನ್ನು ಕೈ ಸುಡುವಂಥ ಬಿಸಿನೀರಿನಲ್ಲಿ ನೆನೆಸಿದೆವು. ಸೀನು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಸುಳ್ಳು ಹೇಳುವುದು ಮಾತ್ರ ನಿಂತಿದೆ.