ಇಲ್ಲದ ಯಂತ್ರಕ್ಕೆ ಅಪ್ಪಣೆ ಬರೆದ ಏಡಾ ಲವ್‌ಲೇಸ್

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗೆ ಪ್ರಶ್ನೆಯನ್ನು ಹೇಗೆ ಬರೆದರೆ ಸರಿಯಾದ ಉತ್ತರ ದೊರೆತೀತು ಎಂಬುದು ಈಗ ತರಬೇತಿ ಕೊಟ್ಟು ಕಲಿಸುವ ವಿದ್ಯೆಯಾಗಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ಪ್ರಾಂಪ್ಟ್’ ಎಂಬ ಪದ ಕಚೇರಿ, ಕಾಲೇಜುಗಳಲ್ಲಿ ದಿನಬಳಕೆಗೆ ಬಂದಿದೆ. ಆದರೆ ಯಂತ್ರದ ಕೈಗೆ ಏನನ್ನು ಕೊಡಬೇಕು, ಕೆಲಸವನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂಬ ಚಿಂತನೆ ಅದಕ್ಕಿಂತ 179 ವರ್ಷ ಹಿಂದೆಯೇ ಅಚ್ಚಾಗಿತ್ತು. ಬರೆದವರು 27ರ ಹರೆಯದ, ಮೂರು ಮಕ್ಕಳ ತಾಯಿ. ಆಕೆಯ ಅಪ್ಪಣೆಯನ್ನು ಪಾಲಿಸಬೇಕಾದ ಯಂತ್ರ ಆಗ ಇರಲಿಲ್ಲ. ಆಕೆಯ ಜೀವಮಾನದಲ್ಲಿ ಸಿದ್ಧವಾಗಲೂ ಇಲ್ಲ.

ಏಡಾ ಜನಿಸಿದ್ದು ಲಂಡನ್ನಿನಲ್ಲಿ, 1815ರ ಡಿಸೆಂಬರ್ 10ರಂದು. ತಂದೆ ಹೆಸರಾಂತ ಕವಿ ಲಾರ್ಡ್ ಬೈರನ್. ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ತಂದೆತಾಯಿ ಬೇರಾದರು. 1816ರ ಏಪ್ರಿಲ್‌ನಲ್ಲಿ ದೇಶ ತೊರೆದ ಬೈರನ್ ಮತ್ತೆ ಮಗಳ ಮುಖ ನೋಡಲಿಲ್ಲ. 1824ರಲ್ಲಿ ಗ್ರೀಸ್‌ನಲ್ಲಿ ತೀರಿಕೊಂಡರು. ತಂದೆಯ ಚಂಚಲ ಸ್ವಭಾವ ಮಗಳಿಗೆ ಅಂಟದಿರಲೆಂದು ತಾಯಿ ಬಾಲ್ಯದಿಂದಲೇ ಗಣಿತ ಹೇಳಿಸಿದರು. 1829ರಲ್ಲಿ ದಡಾರ ಬಂದು ಕಾಲು ಸ್ವಾಧೀನ ತಪ್ಪಿ, ಏಡಾ ಬಹುಕಾಲ ಊರುಗೋಲು ಹಿಡಿಯಬೇಕಾಯಿತು. ಪಾಠ ಮಾತ್ರ ನಿಲ್ಲಲಿಲ್ಲ. ಮುಂದೆ 1840ರಿಂದ ಪತ್ರಗಳ ಮೂಲಕ ಆಕೆಗೆ ಉನ್ನತ ಗಣಿತ ಬೋಧಿಸಿದ ಅಗಸ್ಟಸ್ ಡಿ ಮಾರ್ಗನ್ ನಮ್ಮ ನೆರೆಯ ಮಧುರೆಯಲ್ಲಿ ಹುಟ್ಟಿದವರು ಎಂಬುದು ಸ್ವಾರಸ್ಯದ ಸಂಗತಿ.

1833ರ ಜೂನ್‌ನಲ್ಲಿ, 17ನೇ ವಯಸ್ಸಿನಲ್ಲಿ, ಏಡಾಗೆ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಪರಿಚಯವಾಯಿತು. ಬ್ಯಾಬೇಜ್ ಮನೆಯಲ್ಲಿ ಹಿತ್ತಾಳೆ ಚಕ್ರಗಳ ಲೆಕ್ಕದ ಯಂತ್ರದ ಒಂದು ಭಾಗವಿತ್ತು. ಅಲ್ಲಿಗೆ ಬಂದ ಅತಿಥಿಗಳು ಅದನ್ನು ಕುತೂಹಲದ ಆಟಿಕೆಯಂತೆ ನೋಡಿ ಹೋಗುತ್ತಿದ್ದರು. ಏಡಾ ಅದು ನಡೆಯುವ ಬಗೆಯನ್ನು ಕೇಳಿ ತಿಳಿದರು. 1835ರಲ್ಲಿ ವಿಲಿಯಂ ಕಿಂಗ್ ಜತೆ ವಿವಾಹವಾಯಿತು. ಪತಿಗೆ 1838ರಲ್ಲಿ ಅರ್ಲ್ ಪದವಿ ದೊರೆತಾಗ ಆಕೆ ಲವ್‌ಲೇಸ್ ಕೌಂಟೆಸ್ ಎನಿಸಿದರು.

ಅಷ್ಟರಲ್ಲಿ ಬ್ಯಾಬೇಜ್ ಇನ್ನೂ ದೊಡ್ಡದೊಂದು ಯಂತ್ರದ ನಕ್ಷೆಯಲ್ಲಿ ಮುಳುಗಿದ್ದರು. ಅದೇ ಅನಲಿಟಿಕಲ್ ಎಂಜಿನ್. ರಂಧ್ರ ಕೊರೆದ ಕಾರ್ಡುಗಳಿಂದ ಅದಕ್ಕೆ ಅಪ್ಪಣೆ ಕೊಡಬೇಕು. ಕರ್ನಾಟಕದ ರೇಷ್ಮೆ ಸೀರೆ ನೇಕಾರರೂ ಬಲ್ಲ ಜಕಾರ್ಡ್ ಮಗ್ಗವೇ ಇದಕ್ಕೆ ಮಾದರಿ. ಈ ಯಂತ್ರದ ಕುರಿತು ಇಟಲಿಯ ಲೂಯಿಜಿ ಮೆನಾಬ್ರಿಯಾ 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನ ಪ್ರಕಟಿಸಿದರು. ಏಡಾ ಅದನ್ನು ಇಂಗ್ಲಿಷಿಗೆ ತಂದರು. ಸ್ವಂತ ಟಿಪ್ಪಣಿಗಳನ್ನೂ ಸೇರಿಸುವಂತೆ ಬ್ಯಾಬೇಜ್ ಸೂಚಿಸಿದರು. 1843ರಲ್ಲಿ ಎ.ಎ.ಎಲ್. ಎಂಬ ಅಕ್ಷರಗಳಡಿ ಅಚ್ಚಾದಾಗ ಆ ಏಳು ಟಿಪ್ಪಣಿಗಳು ಮೂಲ ಲೇಖನವನ್ನೂ ಮೀರಿ ಬೆಳೆದಿದ್ದವು.

ಕೊನೆಯ ಟಿಪ್ಪಣಿಯೇ ಪ್ರಸಿದ್ಧವಾದುದು. ಬರ್ನೂಲಿ ಸಂಖ್ಯೆಗಳೆಂಬ ಕ್ಲಿಷ್ಟ ಲೆಕ್ಕವನ್ನು ಯಂತ್ರದಿಂದ ಮಾಡಿಸುವ ಬಗೆಯನ್ನು ಆಕೆ ಅಲ್ಲಿ ಒಂದು ದೊಡ್ಡ ಕೋಷ್ಟಕವಾಗಿ ಬಿಡಿಸಿಟ್ಟರು. ಒಟ್ಟು 25 ಕ್ರಿಯೆಗಳು. ಪ್ರತಿ ಸಾಲಿನಲ್ಲೂ ಮಾಡಬೇಕಾದ ಕ್ರಿಯೆ ಯಾವುದು, ಅದು ಯಾವ ಸಂಖ್ಯೆಗಳ ಮೇಲೆ ನಡೆಯಬೇಕು, ಬಂದ ಫಲ ಎಲ್ಲಿ ಕೂರಬೇಕು, ಅದರಿಂದ ಯಾವ ಮೌಲ್ಯ ಬದಲಾಗುತ್ತದೆ ಎಂಬುದೆಲ್ಲ ಬೇರೆಬೇರೆ ಅಂಕಣಗಳಲ್ಲಿದೆ. ಮೊದಲೇ ಕೊಟ್ಟ ದತ್ತಾಂಶಕ್ಕೆ ಒಂದು ಜಾಗ, ನಡುವಿನ ಲೆಕ್ಕಕ್ಕೆ ಒಂದು ಜಾಗ, ಅಂತಿಮ ಫಲಕ್ಕೆ ಮತ್ತೊಂದು. 13ರಿಂದ 23ರವರೆಗಿನ ಕ್ರಿಯೆಗಳನ್ನು ಪುನಃ ನಡೆಸಬೇಕೆಂಬ ಸೂಚನೆಯೂ ಉಂಟು. ಯಂತ್ರ ತಾನಾಗಿ ಅರ್ಥಮಾಡಿಕೊಂಡೀತು ಎಂದು ಒಂದನ್ನೂ ಬಿಟ್ಟಿಲ್ಲ. ಅದು ಹೊಸದನ್ನು ಹುಟ್ಟಿಸಲಾರದು, ನಾವು ಹೇಳಬಲ್ಲುದನ್ನಷ್ಟೇ ಮಾಡಬಲ್ಲುದು ಎಂಬುದು ಆಕೆಯ ಸ್ಪಷ್ಟ ನಿಲುವಾಗಿತ್ತು.

ಇಂದಿನ ಚಾಟ್‌ಬಾಟ್ ಬಳಸುವವರಿಗೆ ಕೊಡುವ ಸಲಹೆಗಳೂ ಬಹುಮಟ್ಟಿಗೆ ಇವೇ. ಉದ್ದೇಶ ತಿಳಿಸಿ, ಮಾಹಿತಿಯನ್ನು ಬೇರೆಯಾಗಿ ಕೊಡಿ, ದೊಡ್ಡ ಕೆಲಸವನ್ನು ಹಂತಗಳಾಗಿ ಒಡೆಯಿರಿ, ಉತ್ತರ ಯಾವ ರೂಪದಲ್ಲಿರಬೇಕೆಂದು ಹೇಳಿ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಬ್ಯಾಬೇಜ್ ಯಂತ್ರಕ್ಕೆ ಒಂದು ಕಾರ್ಡು ಕಡಿಮೆಯಾದರೆ ಆ ಕ್ರಿಯೆಯೇ ನಡೆಯದು. ಚಾಟ್‌ಬಾಟ್ ಹಾಗಲ್ಲ. ಅಪಾರ ಬರಹಗಳಿಂದ ಕಲಿತ ಅದು, ನಾವು ಬಿಟ್ಟದ್ದನ್ನು ಊಹೆಯಿಂದ ತುಂಬುತ್ತದೆ. ರಜೆ ಅರ್ಜಿ ಬರೆದುಕೊಡು ಎಂದಷ್ಟೇ ಹೇಳಿದರೆ ಎಷ್ಟು ದಿನ, ಯಾವ ಕಾರಣ, ಯಾರಿಗೆ ಎಂಬುದನ್ನು ತಾನೇ ಕಲ್ಪಿಸಿ, ಸೊಗಸಾದ ಭಾಷೆಯಲ್ಲಿ ಒಪ್ಪಿಸಬಹುದು. ಅಪ್ಪಣೆಯಲ್ಲಿದ್ದ ಕೊರತೆ ಆ ಸೊಗಸಿನ ಹಿಂದೆ ಮರೆಯಾಗುತ್ತದೆ. ಏಡಾ ಕಾಲದ ಯಂತ್ರಕ್ಕಿಂತ ಇದು ಹೆಚ್ಚು ಎಚ್ಚರ ಬೇಡುವ ಸ್ಥಿತಿ.

ಎಚ್ಚರದ ವಿಷಯದಲ್ಲಿ ಏಡಾ ಕಟ್ಟುನಿಟ್ಟು. ಬರ್ನೂಲಿ ಸಂಖ್ಯೆಗಳ ಬೀಜಗಣಿತವನ್ನು ತಾನೇ ಮಾಡಿಕೊಟ್ಟೆನೆಂದೂ, ಅದರಲ್ಲಿದ್ದ ಗಂಭೀರ ತಪ್ಪನ್ನು ಹಿಡಿದು ಆಕೆ ಮರಳಿಸಿದರೆಂದೂ ಬ್ಯಾಬೇಜ್ 1864ರ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಈ ಕಾರಣಕ್ಕೇ ಕೋಷ್ಟಕದ ಶ್ರೇಯಸ್ಸು ಯಾರಿಗೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಸಂಗೀತದಂತಹ ವಿಷಯಗಳನ್ನೂ ಯಂತ್ರ ನಿಭಾಯಿಸಬಹುದೆಂಬ ವಿಚಾರವನ್ನು ಟಿಪ್ಪಣಿಯಲ್ಲಿ ಬರೆದಿಟ್ಟವರು ಏಡಾ.

ಪ್ರಕಟಣೆಯ ಹೊತ್ತಿಗೆ ಇಬ್ಬರ ನಡುವೆ ವಿರಸವೂ ಮೂಡಿತು. ಹಿಂದಿನ ಯಂತ್ರಕ್ಕೆ ಸುಮಾರು 17,000 ಪೌಂಡ್ ವೆಚ್ಚ ಮಾಡಿದ ಬ್ರಿಟಿಷ್ ಸರ್ಕಾರ 1842ರಲ್ಲಿ ಕೈಬಿಟ್ಟಿತ್ತು. ಸರ್ಕಾರವನ್ನು ಟೀಕಿಸುವ ಅನಾಮಧೇಯ ಬರಹವೊಂದನ್ನು ಲೇಖನದ ಜತೆ ಸೇರಿಸಲು ಬ್ಯಾಬೇಜ್ ಬಯಸಿದರು. ಏಡಾ ಒಪ್ಪಲಿಲ್ಲ. ಬಳಿಕ ಯಂತ್ರ ನಿರ್ಮಾಣದ ವ್ಯವಹಾರವನ್ನು ತಾವು ನೋಡಿಕೊಳ್ಳುವುದಾಗಿ ಷರತ್ತುಗಳೊಡನೆ ಸುದೀರ್ಘ ಪತ್ರ ಬರೆದರು, ಬ್ಯಾಬೇಜ್ ನಿರಾಕರಿಸಿದರು. ಸ್ನೇಹ ಮಾತ್ರ ಉಳಿಯಿತು.

ಕೊನೆಯ ವರ್ಷಗಳು ಸುಖದವಲ್ಲ. ಕುದುರೆ ಜೂಜಿನಲ್ಲಿ ಸೋತು ಸಾಲ ಬೆಳೆಯಿತು. ಮನೆತನದ ವಜ್ರಾಭರಣ ಗಿರವಿ ಸೇರಿತು. ಲೆಕ್ಕದಲ್ಲಿ ಅಷ್ಟು ನಿಖರವಾಗಿದ್ದ ಬುದ್ಧಿ ಪಂದ್ಯದ ಮೈದಾನದಲ್ಲಿ ನೆರವಿಗೆ ಬರಲಿಲ್ಲ. ಗರ್ಭಕೋಶದ ಕ್ಯಾನ್ಸರ್‌ನಿಂದ ನರಳಿ, 1852ರ ನವೆಂಬರ್ 27ರಂದು ತೀರಿಕೊಂಡಾಗ ಆಕೆಗೆ 36 ವರ್ಷ. ತಂದೆ ಸತ್ತದ್ದೂ ಅದೇ ವಯಸ್ಸಿನಲ್ಲಿ. ನಾಟಿಂಗ್‌ಹ್ಯಾಮ್ ಬಳಿಯ ಹಕ್‌ನಲ್ ಚರ್ಚ್‌ನಲ್ಲಿ, ನೆನಪಿನಲ್ಲೂ ಇರದಿದ್ದ ಆ ತಂದೆಯ ಪಕ್ಕದಲ್ಲೇ ಆಕೆಯ ಸಮಾಧಿಯಿದೆ.

ಒಂದು ಶತಮಾನ ಕಾಲ ಟಿಪ್ಪಣಿಗಳು ಬಹುತೇಕ ಮರೆಗೆ ಸಂದಿದ್ದವು. 1950ರಲ್ಲಿ ಅಲನ್ ಟ್ಯೂರಿಂಗ್ ಯಂತ್ರಗಳ ಬುದ್ಧಿಯ ಕುರಿತ ಪ್ರಬಂಧದಲ್ಲಿ ಆಕೆಯ ವಾದವನ್ನು ಹೆಸರಿಟ್ಟು ಚರ್ಚಿಸಿ, ಯಂತ್ರಗಳು ತಮ್ಮನ್ನು ಆಗಾಗ ಅಚ್ಚರಿಗೊಳಿಸುತ್ತವೆ ಎಂದು ಉತ್ತರ ಕೊಟ್ಟರು. ಮುಂದೆ ಅಮೆರಿಕದ ರಕ್ಷಣಾ ಇಲಾಖೆ ತನ್ನ ಗಣಕ ಭಾಷೆಗೆ ಏಡಾ ಎಂದೇ ಹೆಸರಿಟ್ಟು, ಅದರ ಮಾನಕಕ್ಕೆ ಆಕೆಯ ಜನ್ಮವರ್ಷ 1815ನ್ನು ಸಂಖ್ಯೆಯಾಗಿ ಕೊಟ್ಟಿತು. 1843ರ ಕೋಷ್ಟಕವನ್ನು ಈಗಿನ ಗಣಕಯಂತ್ರಗಳಲ್ಲಿ ಓಡಿಸಿ ನೋಡಿದವರೂ ಇದ್ದಾರೆ. ಅಚ್ಚಾದ ಪ್ರತಿಯ ನಾಲ್ಕನೆಯ ಕ್ರಿಯೆಯಲ್ಲಿ ಭಾಗಿಸಬೇಕಾದ ಸಂಖ್ಯೆ, ಭಾಗಿಸುವ ಸಂಖ್ಯೆ ಅದಲುಬದಲಾಗಿವೆ. ಅದನ್ನು ತಿರುಗಿಸದೆ ಸರಿಯುತ್ತರ ಬರುವುದಿಲ್ಲ.