ಗಣಿಯ ಬೆಂಕಿಗೆ ಜಾಲರಿ ಹೆಣೆದ ಹಂಫ್ರಿ ಡೇವಿ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯನ್ನಾಗಲಿ, ಕಲಘಟಗಿಯ ಕಾಡಿನಂಚನ್ನಾಗಲಿ ಎಷ್ಟು ಅಗೆದರೂ ಕಲ್ಲಿದ್ದಲು ಸಿಗದು. ಧಾರವಾಡದ ಹೆಸರನ್ನೇ ಹೊತ್ತ ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಕಲ್ಲಿದ್ದಲಾಗಬೇಕಾದ ಗಿಡಮರಗಳು ಆಗ ಹುಟ್ಟಿಯೇ ಇರಲಿಲ್ಲ. ಆದರೆ ಈ ಊರುಗಳಿಗೆ ಬರುವ ವಿದ್ಯುತ್ತಿನಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಪಾಲೂ ಇದೆ. ಅಲ್ಲಿ ಉರಿಯುವ ಕಲ್ಲಿದ್ದಲು ಹೊರರಾಜ್ಯಗಳ ಗಣಿಗಳಿಂದ ಬರುತ್ತದೆ. ನೆಲದಾಳದ ಗಣಿಗಳಲ್ಲಿ ಬೆಂಕಿಯ ಭಯವನ್ನು ತಗ್ಗಿಸಲು ಶ್ರಮಿಸಿದವರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಸರ್ ಹಂಫ್ರಿ ಡೇವಿ ಪ್ರಮುಖರು.

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಕಾರ್ನ್‌ವಾಲ್‌ನ ಪೆನ್ಜಾನ್ಸ್‌ನಲ್ಲಿ. ತಂದೆ ಮರದ ಕೆತ್ತನೆಗಾರ. ಅವರು ತೀರಿಕೊಂಡ ಮೇಲೆ ಬಾಲಕ ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿಯತೊಡಗಿದ. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ ಡೇವಿ, 1807ರಲ್ಲಿ ವಿದ್ಯುತ್ತಿನ ನೆರವಿನಿಂದ ಪೊಟ್ಯಾಸಿಯಂ ಮತ್ತು ಸೋಡಿಯಂಗಳನ್ನು ಬೇರ್ಪಡಿಸಿ ಯುರೋಪಿನಾದ್ಯಂತ ಖ್ಯಾತರಾದರು.

1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಸ್ಫೋಟ ಸಂಭವಿಸಿ 92 ಮಂದಿ ಮಡಿದರು. ಅವರಲ್ಲಿ ಎಳೆಯ ಬಾಲಕರೂ ಇದ್ದರು. ಕಲ್ಲಿದ್ದಲಿನಿಂದ ಹೊರಸೂಸುವ ಮೀಥೇನ್, ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿಯೇ ಸಾಕು. ಕಾರ್ಮಿಕರಿಗಾದರೋ ತೆರೆದ ದೀಪವೇ ಗತಿ.

ಗಣಿ ದುರಂತ ತಡೆಗೆಂದು ಹುಟ್ಟಿದ ಸಂಘವೊಂದರ ಕೋರಿಕೆಯ ಮೇರೆಗೆ 1815ರಲ್ಲಿ ಡೇವಿ ಈ ಕೆಲಸಕ್ಕೆ ಕೈಹಾಕಿದರು. ಇಕ್ಕಟ್ಟಾದ ಲೋಹದ ಕೊಳವೆಯಲ್ಲಿ ಜ್ವಾಲೆ ಮುಂದುವರಿಯದು, ಲೋಹ ಅದರ ಶಾಖವನ್ನು ಹೀರಿಬಿಡುತ್ತದೆ ಎಂಬುದನ್ನು ಕಂಡುಕೊಂಡ ಅವರು, ದೀಪದ ಸುತ್ತ ಸಣ್ಣ ಕಣ್ಣುಗಳ ತಂತಿ ಜಾಲರಿಯನ್ನು ಅಳವಡಿಸಿದರು. ಗಾಳಿ ಒಳಹೋಗುತ್ತಿತ್ತು, ಜ್ವಾಲೆ ಹೊರಬರುತ್ತಿರಲಿಲ್ಲ. ಮೀಥೇನ್ ಇದ್ದಲ್ಲಿ ಜ್ವಾಲೆಯ ತುದಿ ನೀಲಿಯಾಗಿ ಅಪಾಯವನ್ನೂ ಸೂಚಿಸುತ್ತಿತ್ತು. 1816ರ ಜನವರಿಯಲ್ಲಿ ಹೆಬ್ಬರ್ನ್ ಗಣಿಯಲ್ಲಿ ದೀಪ ಪರೀಕ್ಷೆಗೆ ಗೆದ್ದಿತು.

ಡೇವಿ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಆದರೆ ಕೀರ್ತಿಯ ವಿಷಯದಲ್ಲಿ ಅಷ್ಟು ಉದಾರಿಯಾಗಲಿಲ್ಲ. ಅದೇ ಸಮಯಕ್ಕೆ ಗಣಿ ಯಂತ್ರಗಾರ ಜಾರ್ಜ್ ಸ್ಟೀಫನ್‌ಸನ್ ತಮ್ಮದೇ ದೀಪ ರೂಪಿಸಿದ್ದರು. ಹೆಚ್ಚು ಓದದ ಆತ ಸ್ವತಂತ್ರವಾಗಿ ಇದನ್ನು ಸಾಧಿಸಿರಬಹುದೆಂದು ಡೇವಿ ಕೊನೆವರೆಗೂ ಒಪ್ಪಲಿಲ್ಲ. 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದ ಅವರು 1829ರ ಮೇ 29ರಂದು ಜಿನೀವಾದಲ್ಲಿ ನಿಧನರಾದರು.

ದೀಪ ಬಂದಿತೆಂದು ಸಾವು ನಿಲ್ಲಲಿಲ್ಲ. ಅಪಾಯಕಾರಿಯೆಂದು ಕೈಬಿಟ್ಟಿದ್ದ ಪದರಗಳಿಗೂ ಮಾಲೀಕರು ದೀಪವನ್ನೇ ನಂಬಿ ಕಾರ್ಮಿಕರನ್ನು ಇಳಿಸಿದರು. ಜಾಲರಿ ತುಕ್ಕು ಹಿಡಿದರೆ, ಹರಿದರೆ, ಕೆಂಪಗೆ ಕಾದರೆ ರಕ್ಷಣೆ ಇಲ್ಲವಾಗುತ್ತಿತ್ತು. ಬೆಳಕು ಮಂದವೆಂದು ಕೆಲವರು ಜಾಲರಿಯನ್ನೇ ಕಳಚಿಡುತ್ತಿದ್ದರು. 1835ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೂ ದೀಪವೊಂದನ್ನೇ ನೆಚ್ಚಿಕೊಳ್ಳುವುದರ ಅಪಾಯವನ್ನು ಗುರುತಿಸಿತು. ಸಾಕಷ್ಟು ಗಾಳಿ, ಅನಿಲದ ನಿರಂತರ ಅಳತೆ, ಕಲ್ಲಿದ್ದಲ ದೂಳು ಹೊತ್ತಿಕೊಳ್ಳದಂತೆ ಎರಚುವ ಸುಣ್ಣಕಲ್ಲಿನ ಪುಡಿ, ಕಟ್ಟುನಿಟ್ಟಿನ ತಪಾಸಣೆ – ಇವೆಲ್ಲ ಕೂಡಿದಾಗಲೇ ಗಣಿ ಸುರಕ್ಷಿತ. ಡೇವಿಯವರ ದೀಪ ಹುಟ್ಟಿ ಒಂದೂವರೆ ಶತಮಾನ ಕಳೆದ ಮೇಲೂ, 1965ರ ಮೇ 28ರಂದು, ಇಂದಿನ ಜಾರ್ಖಂಡಿನ ಧೋರಿ ಗಣಿಯ ಸ್ಫೋಟದಲ್ಲಿ 268 ಜನ ಸತ್ತರು. ಉಪಕರಣವಿದ್ದರೆ ಸಾಲದು, ಅದನ್ನು ಕಾಯುವ ಎಚ್ಚರವೂ ಬೇಕು ಎಂಬುದನ್ನು ಆ ದುರಂತ ಮತ್ತೆ ಸಾರಿತು.